ಏಳು ಮೈಲಿಗೊಮ್ಮೆ ನಿಲ್ಲುವ ಗಾಡಿ

ನಾನು ಮದುವೆಯಾಗಿ ಗುಡೂರಿಗೆ ಬಂದ ಎರಡನೇ ವರ್ಷ, ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ, ನಮ್ಮ ಮನೆಯವರು ಎಮ್ಮೆ ತರುತ್ತೇನೆಂದು ಬಾದಾಮಿಗೆ ಹೋಗಿ ಫಟಫಟಿ ತಂದರು. ಸಂಜೆ ಓಣಿಯ ತುದಿಯಲ್ಲಿ ಮದ್ದು ಹಾರಿಸಿದಂಥ ಸದ್ದಾಯಿತು. ಎಮ್ಮೆಗೆಂದು ನೆನೆಸಿಟ್ಟ ಹಿಂಡಿಯ ಬುಟ್ಟಿ ಹಿಡಿದುಕೊಂಡೇ ನಾನು ಮತ್ತು ಅತ್ತೆ ಬಾಗಿಲಿಗೆ ಓಡಿಬಂದೆವು. ಇವರು ಕಪ್ಪು ಬಣ್ಣದ ಹಳೆಯ ಮೋಟಾರ್ ಸೈಕಲ್ಲಿನ ಮೇಲೆ, ತಲೆತುಂಬ ಧೂಳು ಹೊತ್ತು, ಮದುಮಗನ ಗತ್ತಿನಲ್ಲಿ ಕೂತಿದ್ದರು. ಅತ್ತೆ ಗಾಡಿಯನ್ನು ಮುಂದಿನಿಂದ ಹಿಂದಿನ ತನಕ ಒಂದು ಸುತ್ತು ನೋಡಿದಳು.

"ಇದು ಹೊತ್ತಿಗೆ ಎಷ್ಟ ಸೇರ ಹಾಲ ಕೊಡತೈತಿ?" ಅಂದಳು.

ಇವರು ದನದ ದವಾಖಾನೆಯಲ್ಲಿ ಕಂಪೌಂಡರ್. ಊರವರ ಬಾಯಲ್ಲಿ ಮಾತ್ರ ಡಾಕ್ಟರು. ಸುತ್ತಲಿನ ಹಳ್ಳಿಗಳಿಗೆಲ್ಲ ಸೈಕಲ್ ತುಳಿದೇ ಹೋಗಬೇಕಿತ್ತು. ಐಹೊಳೆಯ ಹೊಲದಲ್ಲಿ ಎತ್ತಿಗೆ ಹೊಟ್ಟೆ ಉಬ್ಬಿದೆಯೆಂದು ಕರೆ ಬಂದರೆ, ಇವರು ಏದುಸಿರು ಬಿಡುತ್ತ ಮುಟ್ಟಿದಾಗ ಎತ್ತಿಗಿಂತ ಮೊದಲು ಇವರಿಗೇ ನೀರು ಕುಡಿಸಬೇಕಾಗುತ್ತಿತ್ತು. ಹಾಗಾಗಿ ಗಾಡಿ ಬೇಕಿತ್ತು ಎನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಇದೇ ಗಾಡಿ ಬೇಕಿತ್ತೇ ಎಂದು ಕೇಳಿದರೆ ಇವತ್ತಿಗೂ ಇವರು ಮಾತು ತಿರುಗಿಸುತ್ತಾರೆ.

ಗಾಡಿ ಮಾರಿದವರು ಬಾದಾಮಿಯ ಒಬ್ಬ ನಿವೃತ್ತ ಸಿಪಾಯಿ. ಅದು ಎರಡನೇ ಮಹಾಯುದ್ಧದ ಕಾಲದ್ದಂತೆ. ಮಿಲಿಟರಿಯವರು ಹರಾಜು ಹಾಕಿದ್ದು ಕೈಯಿಂದ ಕೈಗೆ ಬಂದು ಅವರ ಕೈ ಸೇರಿತ್ತು. ಕಪ್ಪು ಬಣ್ಣ ಎದ್ದಲ್ಲೆಲ್ಲ ಒಳಗಿನ ಹಸಿರು ಇಣುಕುತ್ತಿತ್ತು. "ನನ್ನ ಕಡೆ ಇದ್ದಾಗ ಒಂದ ದಿನಾನೂ ದಾರ್ಯಾಗ ನಿಂತಿಲ್ರಿ, ತಾಯಾಣಿ" ಎಂದು ಸಿಪಾಯಿ ಆಣೆ ಮಾಡಿ ಕೊಟ್ಟಿದ್ದರು. ಮುಂದಿನ ಒಂದು ವರ್ಷ ಈ ಮಾತು ನೆನೆದು ನೆನೆದು ಇವರು ಎಷ್ಟು ಸಲ ಹಲ್ಲು ಕಡಿದರೋ ದೇವರೇ ಬಲ್ಲ.

ಮರುದಿನ ಅಮಾವಾಸ್ಯೆ. ನಮ್ಮದು ಬೀರಪ್ಪನ ಒಕ್ಕಲು. ಮನೆಗೆ ಹೊಸ ಜೀವ ಬಂದರೆ, ಅದು ಕರುವಾಗಲಿ ಕುರಿಮರಿಯಾಗಲಿ ಸೊಸೆಯಾಗಲಿ, ಹಣೆಗೆ ಭಂಡಾರ ಹಚ್ಚದೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಭಂಡಾರವೆಂದರೆ ದೇವರ ಅರಿಶಿನ ಪುಡಿ. ಅತ್ತೆ ಅದನ್ನು ಎಣ್ಣೆಯಲ್ಲಿ ಕಲಸಿ ಬಟ್ಟಲಲ್ಲಿ ಹಿಡಿದು ಬಂದಳು. ಆದರೆ ಗಾಡಿಗೆ ಹಣೆ ಎಲ್ಲಿ? ತಾಯಿ ಮಗನ ನಡುವೆ ವಾದ ಎದ್ದಿತು.

"ಮುಂದಿನ ದೀಪಕ್ಕ ಹಚ್ಚಬೇ ಯವ್ವಾ" ಅಂದರು ಇವರು.

"ಅದು ಕಣ್ಣು. ಕಣ್ಣಿಗೆ ಯಾರರ ಭಂಡಾರ ತುಂಬತಾರೇನು?" ಅಂದ ಅತ್ತೆ, ಹ್ಯಾಂಡಲಿನ ಎರಡೂ ತುದಿ ಮುಟ್ಟಿ, "ಇವು ಕೋಡು" ಅಂದಳು. ಆಮೇಲೆ ಕೋಡಿನ ಹಿಂದೆ, ಪೆಟ್ರೋಲ್ ಟಾಕಿಯ ನೆತ್ತಿಯ ಮೇಲೆ ಮಿರುಗುತ್ತಿದ್ದ ದುಂಡನೆಯ ಮುಚ್ಚಳ ಅವಳ ಕಣ್ಣಿಗೆ ಬಿತ್ತು. "ಇದ ನೋಡು ಹಣಿ" ಎಂದು ಮೂರು ಬೆರಳಿನಿಂದ ಗಟ್ಟಿಯಾಗಿ ಮೆತ್ತಿಬಿಟ್ಟಳು. ಕೋಡಿನ ಹಿಂದೆ ಹಣೆ ಇರುವ ಪ್ರಾಣಿಯನ್ನು ನಾನಂತೂ ಕಂಡಿರಲಿಲ್ಲ. ಹೊಸ ಸೊಸೆ, ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಅವತ್ತಿನಿಂದ ಪ್ರತಿ ಅಮಾವಾಸ್ಯೆಗೆ, ದೂರದೂರಿಗೆ ಹೊರಟಾಗಲೆಲ್ಲ, ಆ ಹಣೆಗೆ ಹಳೆಯದರ ಮೇಲೆ ಹೊಸ ಭಂಡಾರ ಬೀಳತೊಡಗಿತು.

ಮೊದಲ ಸವಾರಿ ಇಳಕಲ್ಲಿಗೆ, ನನ್ನ ತವರಿಗೆ. ನಾನು ಮದುವೆಯ ಇಳಕಲ್ ಸೀರೆಯುಟ್ಟು, ಸೆರಗು ಬಿಗಿದು, ಒಂದು ಕೈಯಲ್ಲಿ ರೊಟ್ಟಿಯ ಗಂಟು, ಇನ್ನೊಂದು ಕೈಯಲ್ಲಿ ಇವರ ಅಂಗಿ ಹಿಡಿದು ಕೂತೆ. ಎಷ್ಟು ಚಂದದ ಗಾಳಿ! ಸಜ್ಜೆಯ ಹೊಲಗಳು ಎರಡೂ ಬದಿಗೆ ಸರಸರ ಹಿಂದೆ ಸರಿಯುತ್ತಿದ್ದವು. ಹೊಲದ ಹೆಂಗಸರು ಕುಡಗೋಲು ಎತ್ತಿ ಕೂಗುತ್ತಿದ್ದರು. ಏಳು ಮೈಲಿ ನಾನು ರಾಣಿಯಾಗಿದ್ದೆ. ಆಮೇಲೆ ಗಾಡಿ ಎರಡು ಸಲ ಕೆಮ್ಮಿ ನಿಂತಿತು.

ಒದ್ದರು, ತಳ್ಳಿದರು, ನನ್ನಿಂದಲೂ ತಳ್ಳಿಸಿದರು. ಕೊನೆಗೆ ಹಿಂದಿನಿಂದ ಬಂದ ಚಕ್ಕಡಿಯವರು, "ಕಟ್ರಿ ಡಾಕ್ಟರ್ರ ನಮ್ಮ ಚಕ್ಕಡಿಗೆ. ನಮ್ಮ ಎತ್ತಿಗೆ ನೀವು ಮದ್ದ ಮಾಡಿದ್ರಿ, ನಿಮ್ಮ ಎತ್ತಿಗೆ ನಮ್ಮ ಎತ್ತು ಮಾಡತಾವು" ಎಂದು ಹಗ್ಗ ಎಸೆದರು. ಹೀಗೆ ನಮ್ಮ ಹೊಸ ಗಾಡಿ ಎತ್ತಿನ ಹಿಂದೆ ಇಳಕಲ್ಲಿಗೆ ಹೋಯಿತು. ನನ್ನ ಅಪ್ಪ ಬಾಗಿಲಲ್ಲಿ ನಿಂತು ನಗು ತಡೆಯಲಾಗದೆ ಮೀಸೆ ತಿರುವಿದ. ಅಲ್ಲಿ ಇವರು ಟಾಕಿಯ ಮುಚ್ಚಳ ತೆಗೆದು ಪೆಟ್ರೋಲ್ ಇದೆಯೇ ಎಂದು ಇಣುಕಿ, ಮುಚ್ಚಿ, ಒಮ್ಮೆ ಒದ್ದರು. ಗಾಡಿ ಏನೂ ಆಗಿಲ್ಲವೆಂಬಂತೆ ಫಟಫಟ ಎಂದಿತು.

ಅಲ್ಲಿಂದ ಶುರುವಾಯಿತು ನೋಡಿ. ಏಳು ಮೈಲಿಗೊಮ್ಮೆ ಗಾಡಿ ನಿಲ್ಲುವುದು, ಯಾರಾದರೂ ಒಂದು ಮದ್ದು ಹೇಳುವುದು, ಗಾಡಿ ಎದ್ದು ಕೂರುವುದು, ಮದ್ದು ಹೇಳಿದವರು ಎದೆಯುಬ್ಬಿಸುವುದು. ಪಾನೆಯ, ಅಂದರೆ ಸ್ಪ್ಯಾನರಿನ, ಹಿಡಿಯಿಂದ ಟಾಕಿಗೆ ಮೂರು ಸಲ ಬಡಿಯಬೇಕು ಎಂಬುದು ಇವರ ಸಿದ್ಧಾಂತ. ಎರಡು ಬಡಿದರೆ ಆಗದು, ನಾಲ್ಕು ಬಡಿದರೆ ಸಿಟ್ಟಿಗೇಳುತ್ತದೆ. ಐಹೊಳೆಯಲ್ಲಿ ಗುಡಿ ತೋರಿಸುವ ಒಬ್ಬರು, "ಬಿಸಲಿಗೆ ಪೆಟ್ರೋಲ್ ಉಗಿ ಆಗತೈತ್ರಿ, ಟಾಕಿ ಮ್ಯಾಲೆ ಹಸಿ ಅರಿವಿ ಹಾಕ್ರಿ" ಅಂದರು. ಹಾಕಿದೆವು. ಪೆಟ್ರೋಲ್ ಇದೆಯೋ ಉಗಿಯಾಗಿದೆಯೋ ಎಂದು ಮುಚ್ಚಳ ತೆಗೆದು ನೋಡಿ ಒದ್ದರೆ ಶುರುವಾಯಿತು. ಅಂದಿನಿಂದ ನನ್ನ ಒಂದು ಹಳೆ ಕುಪ್ಪಸ ಗಾಡಿಯ ಹಣೆಪಟ್ಟಿಯಾಯಿತು. ಅತ್ತೆಯೊಬ್ಬಳೇ ಚಿಂತೆಯಿಲ್ಲದವಳು. "ನಿಂತರೂ ಮತ್ತ ಏಳತೈತಲ್ಲ. ಭಂಡಾರ ಕಾಯತೈತಿ" ಅನ್ನುತ್ತಿದ್ದಳು.

ಕೊನೆಗೆ ಇಳಕಲ್ಲಿನ ಚಾಚಾ ಬಳಿಗೆ ಹೋದೆವು. ನನ್ನ ತವರಿನ ಓಣಿಯಲ್ಲೇ ಅವರ ಅಂಗಡಿ. ಪಾತ್ರೆಗೆ ಕಲಾಯಿ ಹಾಕುವುದು, ಡಬ್ಬಿ ಕೊಡಗಳಿಗೆ ಬೆಸುಗೆ ಹಾಕುವುದು ಅವರ ಕಸಬು. ನನ್ನನ್ನು ಲಂಗದ ವಯಸ್ಸಿನಿಂದ ಬಲ್ಲವರು. ಟಾಕಿಗೆ ಕಿವಿ ಹಚ್ಚಿ, ಬೆರಳಿನಿಂದ ಬಾರಿಸಿ, ಮೂಸಿ ನೋಡಿದರು.

"ಒಳಗ ಜಂಗ ಹಿಡದೈತಿ ಬೇಟಿ. ಮೂವತ್ತು ವರ್ಷದ ತುಕ್ಕು. ತುಣುಕು ಎದ್ದು ನಳಿಗಿಗೆ ಅಡ್ಡ ಕುಂದ್ರತೈತಿ. ತಳದಾಗ ಎರಡ ಕಡೆ ಹನೀನೂ ಜಿನಗತೈತಿ. ಟಾಕಿ ಬಿಚ್ಚಿ ತಂದುಕೊಡ್ರಿ, ಹೊಸಾ ಮದಲಿಂಗನಂಗ ಮಾಡಿ ಕೊಡತೇನಿ" ಅಂದರು.

ಮನೆಗೆ ಬಂದು ಟಾಕಿ ಬಿಚ್ಚುವಾಗ ಅತ್ತೆ ಅಡ್ಡ ಬಂದಳು. ಟಾಕಿ ಒಯ್ಯಿರಿ, ಬೆಂಕಿಗೆ ಹಿಡಿಯಿರಿ, ಆದರೆ ಪೂಜೆಯಾದ ಹಣೆಯನ್ನು ಕಂಡವರ ಅಂಗಡಿಯಲ್ಲಿ ಉಜ್ಜಿಸಲು ಕೊಡುವುದಿಲ್ಲ. ಮುಚ್ಚಳವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೋಗಿ ದೇವರ ಜಗಲಿಯ ಮೇಲೆ, ಬೀರಪ್ಪನ ಪಕ್ಕದಲ್ಲಿ ಇಟ್ಟಳು. ಮೂರು ವಾರ ಅದಕ್ಕೆ ದೀಪ, ಊದುಬತ್ತಿ, ದಿನಕ್ಕೊಂದು ಚಿಟಿಕೆ ಭಂಡಾರ.

"ಮುಚ್ಚಳಾ ಎಲ್ಲೈತಿ?" ಎಂದು ಚಾಚಾ ಕೇಳಿದರು.

"ಅದು ದೇವರ ಹಂತೇಕ ಐತ್ರಿ" ಅಂದರು ಇವರು, ಸಣ್ಣ ದನಿಯಲ್ಲಿ.

ಚಾಚಾ ತಕ್ಷಣ ಕಿವಿ ಮುಟ್ಟಿಕೊಂಡರು. "ಹಂಗಾರ ಅಲ್ಲೇ ಇರ್ಲಿ ಬಿಡ್ರಿ. ದೇವರ ಸಾಮಾನಿಗೆ ನಾ ಕೈ ಹಚ್ಚೂದಿಲ್ಲ." ಟಾಕಿಯ ಬಾಯಿಗೆ ಅರಿವೆಯ ಉಂಡೆ ತುರುಕಿ ಕೆಲಸಕ್ಕೆ ಕೂತರು. ಒಳಗಿನ ಪೆಟ್ರೋಲ್ ವಾಸನೆ ಹೋಗಲೆಂದು ಮೂರು ದಿನ ನೀರು ತುಂಬಿ ಬಿಸಿಲಿಗಿಟ್ಟು, ಆಮೇಲೆ ಜಿನುಗುವ ಕಡೆ ಬೆಸುಗೆ ಹಾಕಿದರು. ಜಂಗು ತೆಗೆಯುವುದನ್ನು ಮಾತ್ರ ನಮಗೇ ಹೇಳಿಕೊಟ್ಟರು. ಹುಣಸೆ ಹುಳಿ ನೀರು ತುಂಬಬೇಕು, ಒಂದೆರಡು ಹಿಡಿ ಹೊಳೆಯ ಹರಳು ಹಾಕಬೇಕು, ಎಂಟು ದಿನ ಅಲ್ಲಾಡಿಸಬೇಕು. "ತಾಂಬ್ರದ ಕೊಡಾ ಹುಣಸಿ ಹಚ್ಚಿ ತಿಕ್ಕೂದಿಲ್ಲೇನ ನೀವು? ಇದನ್ನ ಒಳಗಿಂದ ತಿಕ್ಕೂದು, ಅಷ್ಟ."

ಎಂಟು ದಿನ ಅಲ್ಲಾಡಿಸುವವರು ಯಾರು? ಅತ್ತೆಯೇ ದಾರಿ ಹುಡುಕಿದಳು. ಕುರಿಯ ಹಿಂದೆ ತಿರುಗುವ ನಮ್ಮ ಮಂದಿ ಕೂಸುಗಳನ್ನು ಕಂಬಳಿಯ ಜೋಲಿಯಲ್ಲಿ ಮಲಗಿಸುತ್ತಾರೆ. ಅತ್ತೆ ಪಡಸಾಲೆಯ ತೊಲೆಗೆ ಕಂಬಳಿ ಕಟ್ಟಿ, ಟಾಕಿಯನ್ನು ಒಳಗೆ ಮಲಗಿಸಿ, ಹಗ್ಗದ ತುದಿಯನ್ನು ತನ್ನ ಕಾಲ್ಬೆರಳಿಗೆ ಸುತ್ತಿಕೊಂಡಳು. ಕೈಯಲ್ಲಿ ಉಣ್ಣೆ ನೂಲುವುದು, ಕಾಲಲ್ಲಿ ಟಾಕಿ ತೂಗುವುದು. ಒಳಗೆ ಹರಳು ಗರಗರ ಅನ್ನುತ್ತಿದ್ದವು. ಕಂಬಳಿ ಜೋಲಿ ಕಂಡು ನೆರೆಮನೆಯ ಹೆಂಗಸರು, "ಯಾವಾಗ ಆತಬೇ? ಗಂಡೋ ಹೆಣ್ಣೋ?" ಎಂದು ಬಂದರು. ಒಳಗೆ ಇಣುಕಿ ನೋಡಿ ಬಿದ್ದು ಬಿದ್ದು ನಕ್ಕರು. ನಕ್ಕವರೇ ಕೂತು ಸರದಿಯ ಮೇಲೆ ತೂಗಿದರು. ಒಬ್ಬಾಕೆ ಜೋಗುಳ ಎತ್ತಿದಳು. ಆ ಎಂಟು ದಿನ ನಮ್ಮ ಪಡಸಾಲೆಯಲ್ಲಿ ನಡೆದಷ್ಟು ನಗು ನನ್ನ ಮಕ್ಕಳ ತೊಟ್ಟಿಲ ಕಾರ್ಯಕ್ಕೂ ನಡೆಯಲಿಲ್ಲ. ಹೊರಗೆ ಚೆಲ್ಲಿದ ನೀರು ಕೆಂಪು ಮಣ್ಣಿನ ಬಣ್ಣದ್ದಾಗಿತ್ತು.

ಆ ದಿನಗಳಲ್ಲೇ ಇನ್ನೊಂದು ಸಣ್ಣ ಸಂಗತಿ ನಡೆಯಿತು. ಮನೆಗೆ ಶೇಂಗಾ ಎಣ್ಣೆಯ ದೊಡ್ಡ ಡಬ್ಬಿ ಬಂದಿತ್ತು. ನಾನು ಅದರ ಮೇಲೆ ಮೊಳೆಯಿಟ್ಟು ಒಂದು ಮೂಲೆಗೊಂದು, ಎದುರು ಮೂಲೆಗೊಂದು ತೂತು ಹೊಡೆದೆ. ಅತ್ತೆ ಕೆಂಡವಾದಳು. "ಹೊಸಾ ಡಬ್ಬಿಗೆ ಎರಡ ತೂತ ಯಾಕ? ನಿಮ್ಮ ತವರಾಗ ಹಿಂಗೇನು?" ಅವಳು ಯಾವಾಗಲೂ ಗಾಣದಿಂದ ಚೊಂಬಿನಲ್ಲಿ ಎಣ್ಣೆ ತಂದವಳು, ಡಬ್ಬಿಯ ಸಹವಾಸ ಇಲ್ಲ. ನಾನು ಒಂದು ತೂತಿನ ಮೇಲೆ ಬೆರಳಿಟ್ಟು ಬಗ್ಗಿಸಿ ತೋರಿಸಿದೆ. ಎಣ್ಣೆ ಗುಳುಗುಳು ಎಂದು ಎರಡು ಹನಿ ತೊಟ್ಟಿಕ್ಕಿ ನಿಂತುಬಿಟ್ಟಿತು. ಬೆರಳು ತೆಗೆದೆ, ಸಣ್ಣ ಧಾರೆಯಾಗಿ ಸುರಿಯಿತು. ಇದು ಎಲ್ಲ ಹೆಂಗಸರಿಗೂ ಗೊತ್ತಿರುವ ಮಾತು. ನನಗೆ ಅವತ್ತು ಅತ್ತೆಯನ್ನು ಗೆದ್ದ ಖುಷಿಯೊಂದೇ ನೆನಪಿದೆ, ಬೇರೇನೂ ಹೊಳೆಯಲಿಲ್ಲ. ಜೋಲಿಯಲ್ಲಿ ಟಾಕಿ ತೂಗುತ್ತಲೇ ಇತ್ತು, ಜಗಲಿಯ ಮೇಲೆ ಮುಚ್ಚಳ ಹಳದಿಯಾಗಿ ಹೊಳೆಯುತ್ತಲೇ ಇತ್ತು.

ಟಾಕಿ ಒಳಗೆ ಬೆಳ್ಳಿಯ ಬಟ್ಟಲಿನಂತಾಯಿತು. ಕೂಡಿಸಿದರು, ಪೂಜೆಯ ಮುಚ್ಚಳ ತಿರುವಿದರು, ಹೊರಟರು. ಏಳು ಮೈಲಿಗೆ ನಿಂತಿತು.

ಇವರು ಅವತ್ತು ಊಟ ಮಾಡಲಿಲ್ಲ. ಚಾಚಾ ಸುದ್ದಿ ಕೇಳಿ, "ಇನ್ನ ಅದರಾಗ ಶೈತಾನ ಅದಾನ ನೋಡ್ರಿ, ಜಂಗಂತೂ ಇಲ್ಲ" ಅಂದರು. ಬಾದಾಮಿಯ ಸಿಪಾಯಿಗೆ ಮನೆಯಲ್ಲಿ ದಿನವೂ ಸಹಸ್ರನಾಮ ನಡೆಯಿತು.

ಈಗ ನನ್ನ ವಿಷಯ ಹೇಳಬೇಕು. ನಾನು ಇಳಕಲ್ಲಿನಲ್ಲಿ ಮ್ಯಾಟ್ರಿಕ್ ಪಾಸಾದವಳು. ಶಿಕ್ಷಕಿಯಾಗಬೇಕೆಂಬ ಆಸೆಯನ್ನು ಸೀರೆಯ ಜತೆಗೇ ಟ್ರಂಕಿನಲ್ಲಿ ಮಡಿಚಿ ತಂದಿದ್ದೆ. ಬಾಗಲಕೋಟೆಯಲ್ಲಿ ಹೆಣ್ಣುಮಕ್ಕಳಿಗೆ ಮಾಸ್ತರಿಕೆ ಕಲಿಸುವ ಟ್ರೇನಿಂಗ್ ಶಾಲೆಗೆ ಅರ್ಜಿ ಹಾಕಲು ಇವರೇ ಒತ್ತಾಯ ಮಾಡಿದ್ದರು. ಅತ್ತೆ ಮಾತ್ರ ಒಂದು ಷರತ್ತು ಹಾಕಿದ್ದಳು. "ಒಂದ ಸಲ ಹೋಗಿ ಬಾ. ಸಿಕ್ಕರ ನಿನ್ನ ದೈವ. ಸಿಗಲಿಲ್ಲಂದ್ರ ಮತ್ತ ಆ ಮಾತು ಎತ್ತಬ್ಯಾಡ. ಮನಿ, ಹೊಲಾ, ಮಕ್ಕಳು ನೋಡ್ಕೊ." ಅವಳ ಮಾತು ಕಲ್ಲಿನ ಮೇಲೆ ಗೀರಿದ ಗೆರೆ. ನನಗಿದ್ದದ್ದು ಒಂದೇ ಒಂದು ಸಲ.

ಅರ್ಜಿಯಲ್ಲಿ ನಾನು ಅಭ್ಯಾಸಬಲದಿಂದ ತವರಿನ ವಿಳಾಸ ಬರೆದಿದ್ದೆ. ಕರೆಪತ್ರ ಅಲ್ಲಿಗೆ ಹೋಗಿ, ಅಪ್ಪ ಅದನ್ನು ಸಂತೆಗೆ ಬಂದ ಊರವರ ಕೈಯಲ್ಲಿ ಕಳಿಸಿ, ನನ್ನ ಕೈಗೆ ಬಂದಾಗ ಸಂಜೆಯ ರೊಟ್ಟಿ ತಟ್ಟುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಓದಿದೆ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಸಂದರ್ಶನ. ಊರಿನ ಮೊದಲ ಬಸ್ಸು ಹಿಡಿದು ಹುನಗುಂದಕ್ಕೆ ಹೋಗಿ, ಬೇರೆ ಬಸ್ಸು ಹತ್ತಿದರೆ ಬಾಗಲಕೋಟೆ ಮುಟ್ಟುವುದು ಹನ್ನೊಂದರ ಮೇಲೆ. ಉಳಿದದ್ದು ಫಟಫಟಿ. ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

"ಅಳಬ್ಯಾಡ, ಟಾಕಿ ತುಂಬಸ್ತೇನಿ. ಕಂಠಮಟ ತುಂಬಸ್ತೇನಿ. ಮುಟ್ಟಸೂದು ನನ್ನ ಜವಾಬ್ದಾರಿ" ಅಂದರು ಇವರು. "ತುಳಸಿಗೇರಿ ಹನುಮಪ್ಪಗ ಕಾಯಿ ಬೇಡಿಕೊಂಡೇನಿ."

ಮುಂಜಾನೆ ಮಬ್ಬಿನಲ್ಲೇ ಹೊರಟೆವು. ಅತ್ತೆ ಎದ್ದು, ಬಟ್ಟಲುತುಂಬ ಭಂಡಾರ ಕಲಸಿ, ಹಿಂದೆಂದೂ ಹಚ್ಚಿರದಷ್ಟು ದಪ್ಪಗೆ ಮುಚ್ಚಳಕ್ಕೆ ಮೆತ್ತಿದಳು. ಷರತ್ತು ಹಾಕಿದವಳೂ ಅವಳೇ, ಕೈಮುಗಿದು ಕಣ್ಣುಮುಚ್ಚಿ ನಿಂತವಳೂ ಅವಳೇ. ನನಗೆ ಆ ಹೊತ್ತಿನಲ್ಲಿ ಅವಳ ಮೇಲೆ ಮುನಿಸೂ ಪ್ರೀತಿಯೂ ಒಟ್ಟಿಗೇ ಬಂದವು.

ಮೂರು ಮೈಲಿಗೆ ನಿಂತಿತು. ಏಳಲ್ಲ, ಮೂರು! ಟಾಕಿ ಕಂಠಮಟ್ಟ ತುಂಬಿದೆ, ಗಾಡಿ ಮೊದಲಿಗಿಂತ ಬೇಗ ನಿಲ್ಲುತ್ತಿದೆ. ಇವರು ಟಾಕಿಯ ಕೆಳಗಿನ ಪೆಟ್ರೋಲ್ ಕಾಕ್ ಬಿಚ್ಚಿ ಊದಿದರು, ನಳಿಗೆ ತೆಗೆದು ಹೀರಿದರು, ಮೂರು ಸಲ ಬಡಿದರು, ಕುಪ್ಪಸ ನೆನೆಸಿ ಹೊದಿಸಿದರು. ಕೊನೆಗೆ ಮುಚ್ಚಳ ತೆಗೆದು ಇಣುಕಿ ಒದ್ದಾಗ ಎದ್ದಿತು. ಸೂಳೇಬಾವಿಯ ಹತ್ತಿರ ಮತ್ತೆ. ಅಮೀನಗಡ ದಾಟುವ ಮೊದಲು ಮತ್ತೆ. ಪ್ರತಿ ಸಲವೂ ಅದೇ ಪೂಜೆ, ಅದೇ ಕ್ರಮ, ಕಾಲು ಗಂಟೆಗೆ ಕಡಿಮೆಯಿಲ್ಲ. ಇವರ ಕೈಗಡಿಯಾರ ನಾನು ಕಟ್ಟಿಕೊಂಡಿದ್ದೆ. ಅದನ್ನು ನೋಡಲೂ ಆಗದು, ನೋಡದಿರಲೂ ಆಗದು.

ಮಲಪ್ರಭೆಯ ಸೇತುವೆ ದಾಟಿ, ಕಮತಗಿಯ ಸಮೀಪ ನಾಲ್ಕನೇ ಸಲ ನಿಂತಾಗ ಎಂಟೂ ಮುಕ್ಕಾಲು. ನನ್ನ ಸಹನೆ ಮುಗಿಯಿತು. ಗಾಡಿಯಿಂದ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು, "ನಾ ನಡಕೊಂಡ ಹೋಗ್ತೇನಿ. ನೀವು ಇದನ್ನ ಜೋಲ್ಯಾಗ ಹಾಕಿ ತೂಗಕೋಂತ ಕುಂದ್ರಿ" ಎಂದು ನಾಲ್ಕು ಹೆಜ್ಜೆ ಹಾಕಿಯೂ ಬಿಟ್ಟೆ. ಇವರು ಕಾಕಿನ ಬಳಿ ಬಗ್ಗಿದ್ದರು. ಎಣ್ಣೆ ಮೆತ್ತಿದ ಮುಖ ಎತ್ತಿ, ಪಾಪ, ಅಳುವ ದನಿಯಲ್ಲಿ ಅಂದರು: "ಸಿಟ್ಟ ಆಗಬ್ಯಾಡ. ನನ್ನ ಕೈ ಹೊಲಸಾಗ್ಯಾವು. ಮುಚ್ಚಳಾ ತಗದು ಪೆಟ್ರೋಲ್ ಎಷ್ಟೈತಿ ನೋಡು ಬಾ."

ಆ ಮುಖ ನೋಡಿ ಸಿಟ್ಟು ಅರ್ಧ ಇಳಿಯಿತು. ತಿರುಗಿ ಬಂದೆ. ಗಾಡಿಯ ಸದ್ದಿಲ್ಲ, ರಸ್ತೆಯಲ್ಲಿ ಯಾರೂ ಇಲ್ಲ. ನಾನು ಮುಚ್ಚಳ ತಿರುವಿದೆ. ಸೊಯ್ ಎಂದು ಒಂದು ಸಣ್ಣ ಸದ್ದು ಬಂತು. ಒಳಗಿನಿಂದ ಹೊರಗೆ ಬಂದ ಸದ್ದಲ್ಲ, ಹೊರಗಿನ ಗಾಳಿ ಒಳಗೆ ಹೋದ ಸದ್ದು. ತಕ್ಷಣ ನನ್ನ ಬೆರಳಿಗೆ ನೆನಪು ಬಂತು. ತಲೆಗಲ್ಲ, ಬೆರಳಿಗೆ. ಎಣ್ಣೆ ಡಬ್ಬಿಯ ತೂತಿನ ಮೇಲಿಟ್ಟಿದ್ದ ಅದೇ ಬೆರಳು.

"ತಡೀರಿ" ಅಂದೆ. "ಏನೂ ಮಾಡಬ್ಯಾಡ್ರಿ. ಊದಬ್ಯಾಡ್ರಿ, ಬಡೀಬ್ಯಾಡ್ರಿ, ಅರಿವಿ ಹಾಕಬ್ಯಾಡ್ರಿ. ಎಲ್ಲಾ ಇದ್ದಂಗ ಕೂಡಿಸಿ ಸುಮ್ನ ಒದೀರಿ."

"ಹುಚ್ಚ ಹಿಡೀತೇನ ನಿನಗ?"

"ಒದೀರಿ ಅಂದೆ!"

ಒಂದೇ ಒದೆತಕ್ಕೆ ಫಟಫಟ ಎಂದಿತು. ಇವರು ಬಾಯಿ ತೆರೆದು ನನ್ನನ್ನೇ ನೋಡಿದರು. ಮುಚ್ಚಳ ನನ್ನ ಕೈಯಲ್ಲೇ ಇತ್ತು. ತಿರುಗಿಸಿ ನೋಡಿದೆ. ಒಳಬದಿಯಲ್ಲಿ, ನಟ್ಟನಡುವೆ, ಸೂಜಿ ಹೋಗುವಷ್ಟು ಒಂದು ತೂತು. ಮೇಲ್ಬದಿಯಲ್ಲಿ ತೂತಿನ ಸುಳಿವೇ ಇಲ್ಲ. ಇಡೀ ವರ್ಷದ ಅಮಾವಾಸ್ಯೆಗಳು ಒಂದರ ಮೇಲೊಂದು ಗಟ್ಟಿಯಾಗಿ ಕೂತಿದ್ದವು. ಬಳೆಗೆ ಸಿಗಿಸಿದ್ದ ಪಿನ್ನು ತೆಗೆದು ಬೀರಪ್ಪನಿಗೆ ಮನಸ್ಸಿನಲ್ಲೇ ಕೈಮುಗಿದು ಕೆರೆದೆ. ಹಳದಿ ಹಕ್ಕಳೆ ಎದ್ದೆದ್ದು ಬಂತು. ಪಿನ್ನು ಈ ಕಡೆಯಿಂದ ಆ ಕಡೆಗೆ ಪಾರಾಯಿತು. ಮುಚ್ಚಳವನ್ನು ಬಿಸಿಲಿಗೆ ಹಿಡಿದರೆ ನನ್ನ ಅಂಗೈ ಮೇಲೆ ಸಾಸಿವೆಯಷ್ಟು ಬೆಳಕು ಬಿತ್ತು.

"ಟಾಕಿಗೆ ಉಸರಾಡಾಕ ಇದ್ದದ್ದು ಇದೊಂದ ತೂತು" ಅಂದೆ. "ನಿಮ್ಮವ್ವ ಮೂಗ ಮುಚ್ಚಿದ್ಲು. ಗಾಳಿ ಒಳಗ ಹೋಗದ ಪೆಟ್ರೋಲ್ ಹೊರಗ ಹೆಂಗ ಬರಬೇಕು? ಎತ್ತಿನ ಹೊಟ್ಟಿ ಗಾಳಿ ತಗಿಯೂ ಡಾಕ್ಟರ್ರಿಗೆ ಇಷ್ಟ ತಿಳೀಲಿಲ್ಲಲ್ಲ!"

ಇವರು ಮುಚ್ಚಳ ನೋಡಿದರು, ನನ್ನನ್ನು ನೋಡಿದರು. ಆಮೇಲೆ ರಸ್ತೆಯ ಬದಿಯ ಕಲ್ಲಿನ ಮೇಲೆ ಕುಸಿದು ನಗತೊಡಗಿದರು. ಹುಣಸೆ, ಹರಳು, ಜೋಗುಳ, ನೆನೆಸಿದ ಕುಪ್ಪಸ, ಸಿಪಾಯಿಗೆ ಹಾಕಿದ ಶಾಪ, ಎಲ್ಲ ನೆನೆದು ನೆನೆದು ನಕ್ಕರು. ನಾನೂ ನಕ್ಕೆ. ಪ್ರತಿ ಮದ್ದಿನ ಕೊನೆಗೂ ಯಾರಾದರೊಬ್ಬರು ಮುಚ್ಚಳ ತೆಗೆದು ಇಣುಕಿದ್ದರು, ಗಾಡಿ ಎಬ್ಬಿಸಿದ್ದು ಆ ಇಣುಕು ಮಾತ್ರ. ಗಡಿಯಾರ ನೆನಪಾಗಿ ದಡಬಡ ಎದ್ದೆವು.

ಕಮತಗಿಯಿಂದ ಬಾಗಲಕೋಟೆಯ ತನಕದ ಆ ದಾರಿಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಮೂರು ಮೈಲಿ ಆಯಿತು, ನಿಲ್ಲಲಿಲ್ಲ. ಏಳಾಯಿತು, ನಿಲ್ಲಲಿಲ್ಲ. ಶಿರೂರು ದಾಟಿದಾಗ ಇವರು ಹ್ಯಾಂಡಲ್ ಹಿಡಿದುಕೊಂಡೇ ಹಾಡು ಶುರುಮಾಡಿದರು, ಜೋಗುಳವನ್ನೇ! ನಾನು ಹಿಂದೆ ಕೂತು ಸೊಲ್ಲು ಹಿಡಿದೆ. ಎದುರಿಗೆ ಬಂದ ಸೈಕಲ್ಲಿನವರು ಇಳಿದು ನಿಂತು ನೋಡಿದರು.

ಮುಟ್ಟಿದಾಗ ಹತ್ತಕ್ಕೆ ಐದು ನಿಮಿಷ. ಒಳಗೆ ಕರೆದರು. ಮೇಜಿನ ಹಿಂದೆ ಕನ್ನಡಕದ ಹಿರಿಯ ಅಕ್ಕೋರು, ನಮ್ಮ ಕಡೆ ಶಿಕ್ಷಕಿಯರಿಗೆ ಹಾಗೇ ಅನ್ನುವುದು. ನನ್ನ ಕೈ ನೋಡಿ ಮೂಗು ಅರಳಿಸಿದರು. ಉಗುರಲ್ಲೆಲ್ಲ ಅರಿಶಿನ, ಮೈಯೆಲ್ಲ ಪೆಟ್ರೋಲ್ ವಾಸನೆ.

"ಏನವ್ವಾ, ಮದುವಿ ಮನಿಂದ ಬಂದೀಯೋ, ಗ್ಯಾರೇಜಿನಿಂದ ಬಂದೀಯೋ?"

ಸುಳ್ಳು ಹೇಳಲು ಹೊಳೆಯಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ. ಹಣೆಯ ಮಾತಿಗೆ ಪಕ್ಕದಲ್ಲಿದ್ದವರು ನಕ್ಕರು, ಅಕ್ಕೋರು ನಗಲಿಲ್ಲ. "ಹೌದಾ? ನಾಲ್ಕನೇ ಇಯತ್ತೆ ಹುಡುಗರು ಇಲ್ಲಿ ಕುಂತಾರ ಅಂತ ತಿಳಿ. ಗಾಳಿ ಹೋಗದ ಪೆಟ್ರೋಲ್ ಯಾಕ ಬರೂದಿಲ್ಲ, ಹೇಳಿಕೊಡು ನೋಡೋಣ" ಅಂದರು.

ಮೇಜಿನ ಮೇಲೆ ಪೆನ್ನಿಗೆ ಶಾಯಿ ತುಂಬುವ ಗಾಜಿನ ನಳಿಗೆ ಇತ್ತು. ಅದರ ರಬ್ಬರ್ ಟೊಪ್ಪಿಗೆ ಕಿತ್ತು, ನಳಿಗೆಯನ್ನು ಶಾಯಿಯ ದೌತಿಯಲ್ಲಿ ಅದ್ದಿ, ಮೇಲಿನ ಬಾಯಿಗೆ ಬೆರಳಿಟ್ಟು ಎತ್ತಿದೆ. ಕೆಳಗಿನ ಬಾಯಿ ತೆರೆದೇ ಇದ್ದರೂ ಶಾಯಿ ಬೀಳಲಿಲ್ಲ. "ಇದು ನಮ್ಮ ಟಾಕಿ, ಇದು ನಮ್ಮ ಅತ್ತಿಯ ಭಂಡಾರ" ಎಂದು ಬೆರಳು ತೋರಿಸಿದೆ. "ಭಂಡಾರ ತಗದೆ" ಎಂದು ಬೆರಳೆತ್ತಿದೆ. ಶಾಯಿಯೆಲ್ಲ ಮೇಜಿನ ಹಸಿರು ಬಟ್ಟೆಯ ಮೇಲೆ ಬಿತ್ತು. ಅಕ್ಕೋರು ಆ ಕಲೆಯನ್ನು ನೋಡಿ, ಕನ್ನಡಕ ತೆಗೆದು, ಹೊಟ್ಟೆ ಹಿಡಿದು ನಕ್ಕರು.

ಸಂಜೆ ನಾಲ್ಕಕ್ಕೆ ಬಾಗಿಲಿಗೆ ಯಾದಿ ಅಂಟಿಸಿದರು. ನನ್ನ ಹೆಸರಿತ್ತು. ಎಷ್ಟನೆಯದೋ ನೋಡಲಿಲ್ಲ, ಇತ್ತು ಅಷ್ಟೇ. ಕಾಯಿ ಒಡೆಸಲು ತುಳಸಿಗೇರಿಗೆ ಇನ್ನೊಂದು ದಿನ ಬರುತ್ತೇವೆಂದು ಹನುಮಪ್ಪನಿಗೆ ಅಲ್ಲಿಂದಲೇ ಕೈಮುಗಿದೆವು. ಬರುವಾಗ ಅಮೀನಗಡದಲ್ಲಿ ಎರಡು ಕಟ್ಟು ಕರದಂಟು ಕೊಂಡೆವು. ಒಂದು ಮನೆಗೆ, ಇನ್ನೊಂದು ಬಾದಾಮಿಯ ಸಿಪಾಯಿಗೆ. ಮುಂದಿನ ವಾರ ಇವರೇ ಹೋಗಿ ಕೊಟ್ಟು ಬಂದರು. ಏನು ಹೇಳಿ ಕೊಟ್ಟರೋ ನನಗೆ ಗೊತ್ತಿಲ್ಲ.

ದಾರಿಯುದ್ದಕ್ಕೂ ಇವರದು ಒಂದೇ ಮಾತು. "ಅವ್ವಗ ಹೇಳಬ್ಯಾಡ. ಭಾಳ ನೋಯ್ತಾಳ. ತಿಂಗಳಿಗೊಮ್ಮೆ ನಾನ ಪಿನ್ನಿಲೆ ಕೆರೀತೇನಿ." ನಾನು ಹೂಂ ಅಂದೆ. ಆದರೆ ಬಾಗಿಲಲ್ಲಿ ಅತ್ತೆ ಓಡಿಬಂದು, ನನ್ನ ಮುಖ ನೋಡಿಯೇ ಎಲ್ಲ ತಿಳಿದು, ಲಟಿಕೆ ಮುರಿದು, "ನೋಡಿದ್ಯಾ ಭಂಡಾರದ ಮಹಿಮಾ? ಮುಟ್ಟಿಸ್ತೋ ಇಲ್ಲೋ?" ಎಂದಾಗ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲಲಿಲ್ಲ. ನನಗೆ ಮೊದಲಿನಿಂದ ಅದೇ ರೋಗ. ಇವರು ಹಿಂದಿನಿಂದ ಸೆರಗು ಜಗ್ಗುತ್ತಿದ್ದರೂ ಎಲ್ಲ ಹೇಳಿದೆ. ಎಣ್ಣೆ ಡಬ್ಬಿ ತಂದು, ಬೆರಳಿಟ್ಟು, ತೋರಿಸಿಯೇ ಹೇಳಿದೆ.

ಅತ್ತೆ ಮುಚ್ಚಳವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ತೂತಿಗೆ ಕಣ್ಣಿಟ್ಟು ನೋಡಿದಳು. ಒಳಗೆ ಹೋದಳು. ಇವರು ನನ್ನ ಕಡೆ ಉರಿಗಣ್ಣು ಬಿಟ್ಟರು. ಬಾಯಿ ಬಿಟ್ಟು ಕೆಟ್ಟೆನಲ್ಲ ಅಂದುಕೊಂಡೆ. ಗೆದ್ದು ಬಂದ ದಿನವೇ ಅವಳ ದೇವರನ್ನು ತಪ್ಪಿತಸ್ಥನನ್ನಾಗಿ ಮಾಡಿದ್ದೆ.

ಅವಳು ಭಂಡಾರದ ಬಟ್ಟಲು ಹಿಡಿದುಕೊಂಡೇ ಹೊರಗೆ ಬಂದಳು. ಗಾಡಿಯ ಕಡೆಗೆ ಹೋಗಲಿಲ್ಲ. ನೇರ ನನ್ನ ಮುಂದೆ ನಿಂತು, ಮೂರು ಬೆರಳು ಅದ್ದಿ, ನನ್ನ ಹಣೆಯ ಈ ತುದಿಯಿಂದ ಆ ತುದಿಗೆ ದಪ್ಪಗೆ ಹಚ್ಚಿದಳು.

"ಗಾಡಿಗೆ ಇನ್ನ ಬ್ಯಾಡ. ದಿನಾ ಸಾಲಿಗೆ ಹೋಗಾಕಿ ನೀನು" ಅಂದಳು. ಆಮೇಲೆ ಕೈ ಒರೆಸಿಕೊಳ್ಳುತ್ತ, "ಈ ಹಣಿಗರ ತೂತಿಲ್ಲಲ್ಲ?" ಎಂದು ಕೇಳಿದಳು.

ಟ್ರೇನಿಂಗ್ ಮುಗಿಸಿ ನಾನು ಶಿಕ್ಷಕಿಯಾದೆ. ಅತ್ತೆ ಇರುವ ತನಕ ಒಂದು ದಿನವೂ ಹಣೆ ಹಳದಿಯಾಗದೆ ಮನೆಯಿಂದ ಹೊರಬಿದ್ದಿಲ್ಲ. ಮಕ್ಕಳು ನನ್ನನ್ನು ಭಂಡಾರದ ಅಕ್ಕೋರು ಎಂದೇ ಕರೆಯುತ್ತಿದ್ದರು.